ವಿದೇಶಿ ನೆರವು ನಿಂತ ಮೇಲೆ ‘ನವೀನ ಹಣಕಾಸು’ ಕೈಹಿಡಿಯುತ್ತದೆಯೇ?

ಪ್ರಶ್ನೆ: ಕೆಲವು ಬಡ ದೇಶಗಳಲ್ಲಿ ತಾಯಿ-ಮಗುವಿನ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಯೋಜನಾಧಿಕಾರಿ. 2025ರಲ್ಲಿ ನಮ್ಮ ಮುಖ್ಯ ದಾನಿಯ ಅನುದಾನ ನಡುದಾರಿಯಲ್ಲೇ ನಿಂತಿತು. ಅಂದಿನಿಂದ ಆಡಳಿತ ಮಂಡಳಿಯ ಪ್ರತಿ ಸಭೆಯಲ್ಲೂ ‘ನವೀನ ಹಣಕಾಸು’ ಎಂಬುದೇ ಮಾತು: ವಿಮಾನ ಟಿಕೆಟ್ ತೆರಿಗೆ, ಲಸಿಕೆ ಬಾಂಡ್, ಫಲಿತಾಂಶ ಬಾಂಡ್, ಬ್ರಿಕ್ಸ್ ದೇಶಗಳ ಬ್ಯಾಂಕ್, ಖಾಸಗಿ ಬಂಡವಾಳ. ಹೊರಗೆ ಹಣ ರಾಶಿ ಬಿದ್ದಿದೆ, ಕೇಳುವ ಜಾಣ್ಮೆ ನಮಗಿಲ್ಲ ಎನ್ನುತ್ತಾರೆ ಒಬ್ಬ ಸದಸ್ಯರು. ಇದೆಲ್ಲ ಹಳೆಯ ನೆರವಿಗೇ ಇಟ್ಟ ಹೊಸ ಹೆಸರು ಎನ್ನುತ್ತಾರೆ ಇನ್ನೊಬ್ಬರು. ಇದರಲ್ಲಿ ನಿಜವಾಗಿ ಹೊಸ ಹಣ ಎಷ್ಟಿದೆ? ಹೊಸ ಬ್ಯಾಂಕುಗಳು ಷರತ್ತಿಲ್ಲದೆ ಕೊಡುತ್ತವೆ ಎನ್ನುವುದು ಸರಿಯೇ? ನಮ್ಮಂಥವರು ಫಲಿತಾಂಶ ಬಾಂಡಿಗೆ ಕೈಹಾಕಬಹುದೇ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಮೂರರ ಅಡಿಯಲ್ಲೂ ಇರುವ ಚಿಂತೆ ಒಂದೇ: ಮುಂದಿನ ವರ್ಷ ನಿಮ್ಮ ದಾದಿಯರ ಸಂಬಳ ಎಲ್ಲಿಂದ ಬರುತ್ತದೆ? ಇದೇ ಕ್ಷೇತ್ರದಲ್ಲಿ ಬಹುಕಾಲ ಯೋಜನೆಗಳ ಹಣದ ಲೆಕ್ಕ ತೂಗಿದವನಾಗಿ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಇಬ್ಬರು ಸದಸ್ಯರೂ ಅರ್ಧರ್ಧ ಸರಿ. ಅವರಿಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಈ ಹಣವನ್ನು ಕೊನೆಗೆ ತೆರುವವರು ಯಾರು, ಯಾವಾಗ?

ನಿಮ್ಮ ಅನುದಾನ ನಿಂತದ್ದಕ್ಕೆ ನಿಮ್ಮ ಕೆಲಸದ ದೋಷ ಕಾರಣವಲ್ಲ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ಅಭಿವೃದ್ಧಿ ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಮಾಡಿದ್ದು 1970ರಲ್ಲಿ. 2024ರಲ್ಲಿ ಆ ಗೆರೆ ದಾಟಿದವು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಎಂಬ ನಾಲ್ಕೇ ದೇಶಗಳು. ದಾನಿ ದೇಶಗಳೆಲ್ಲ ಸೇರಿ ಆ ವರ್ಷ ಕೊಟ್ಟದ್ದು ಸುಮಾರು 21,200 ಕೋಟಿ ಡಾಲರ್, ಅಂದರೆ ಅವುಗಳ ಆದಾಯದ ಶೇ 0.33. ಹಿಂದಿನ ವರ್ಷಕ್ಕಿಂತ ಇದು ಶೇ 7ರಷ್ಟು ಕಡಿಮೆ. ಅದಾದ ಮೇಲೆ 1961ರಿಂದ ನಡೆದುಬಂದಿದ್ದ ಅಮೆರಿಕದ ಯುಎಸ್‌ಏಡ್ ಸಂಸ್ಥೆ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು. 0.7ರ ಗುರಿಯನ್ನು ಕಾನೂನಿನಲ್ಲೇ ಬರೆದುಕೊಂಡಿದ್ದ ಬ್ರಿಟನ್ 2021ರಲ್ಲಿ 0.5ಕ್ಕೆ ಇಳಿಯಿತು. 2027ಕ್ಕೆ 0.3ಕ್ಕೆ ಇಳಿಯುವುದಾಗಿ ಈಗ ಘೋಷಿಸಿದೆ.

ಮೊತ್ತ ಇಳಿದದ್ದು ಒಂದು ಕಷ್ಟ. ಅದಕ್ಕಿಂತ ಆಳದ ಕಷ್ಟ ಬೇರೆಯದು. ನೆರವು ಎನ್ನುವುದು ದಾನಿ ದೇಶದ ವಾರ್ಷಿಕ ಬಜೆಟ್ಟಿನ ಒಂದು ಸಾಲು. ಅದನ್ನು ಪ್ರತಿ ವರ್ಷ ಒಪ್ಪಬೇಕಾದ ಸಂಸದರಿಗೆ ವೋಟು ಹಾಕುವವರು ಆ ದೇಶದ ಜನ, ನಿಮ್ಮ ಹೆರಿಗೆ ಕೇಂದ್ರಕ್ಕೆ ಬರುವ ತಾಯಂದಿರಲ್ಲ. ದಾದಿಗೆ ತರಬೇತಿ ಕೊಡಲು ಮೂರು ವರ್ಷ ಬೇಕು, ಹಣದ ಭರವಸೆ ಹನ್ನೆರಡು ತಿಂಗಳದ್ದು. ಈ ಹೊಂದಿಕೆಯಿಲ್ಲದ ಲೆಕ್ಕದಿಂದಲೇ ಕಳೆದ ಎರಡು ದಶಕಗಳಲ್ಲಿ ಹೊಸ ಮೂಲಗಳ ಹುಡುಕಾಟ ಜೋರಾಯಿತು. ಹುಡುಕಿದವರು ಹೆಚ್ಚು ಹಣ ಬಯಸಿದರು, ಅದಕ್ಕಿಂತ ಹೆಚ್ಚಾಗಿ ಯಾರದೋ ಮರ್ಜಿಗೆ ಕಾಯದೆ ತಾನಾಗಿ ಬರುವ ಹಣ ಬಯಸಿದರು.

ಹಾಗೆ ಸಿಕ್ಕವುಗಳನ್ನು ನಾನು ಮೂರು ರಾಶಿ ಮಾಡಿಕೊಳ್ಳುತ್ತೇನೆ.

ಮೊದಲ ರಾಶಿಯಲ್ಲಿರುವುದು ನಿಜಕ್ಕೂ ಹೊಸ ಹಣ. ವಿಮಾನ ಟಿಕೆಟ್ ತೆರಿಗೆ ಇದರ ಒಳ್ಳೆಯ ಉದಾಹರಣೆ. 2004ರಲ್ಲಿ ಜಿನೀವಾದಲ್ಲಿ ಬ್ರೆಜಿಲ್‌ನ ಲೂಲಾ, ಫ್ರಾನ್ಸ್‌ನ ಶಿರಾಕ್, ಚಿಲಿಯ ಲಾಗೋಸ್ ಮತ್ತು ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಒಟ್ಟಾಗಿ ಬೀಜ ಹಾಕಿದ ಚರ್ಚೆ 2006ರ ಜುಲೈನಲ್ಲಿ ಫ್ರಾನ್ಸ್‌ನ ವಿಮಾನ ನಿಲ್ದಾಣಗಳಲ್ಲಿ ತೆರಿಗೆಯ ರೂಪ ಪಡೆಯಿತು. ಯುರೋಪಿನೊಳಗಿನ ಸಾಮಾನ್ಯ ದರ್ಜೆಯ ಟಿಕೆಟಿಗೆ 1 ಯೂರೋ, ಖಂಡ ದಾಟುವ ಮೇಲ್ದರ್ಜೆಯ ಟಿಕೆಟಿಗೆ 40 ಯೂರೋ. ಬಡ ದೇಶಗಳ ರೋಗಿಗಳಿಗೆ ಔಷಧಿ ಒದಗಿಸಲು ಅದೇ ವರ್ಷ ಹುಟ್ಟಿದ ಯುನಿಟೈಡ್ ಸಂಸ್ಥೆಗೆ ಇದರ ಪಾಲು ಹೋಯಿತು. ಅಲ್ಲಿಯವರೆಗೆ ಮಕ್ಕಳಿಗೆಂದೇ ತಯಾರಿಸಿದ ಎಚ್‌ಐವಿ ಔಷಧಿಗೆ ಮಾರುಕಟ್ಟೆಯೇ ಇರಲಿಲ್ಲ. ಎಚ್‌ಐವಿ ಇದ್ದ ಮಕ್ಕಳು ಹೆಚ್ಚಾಗಿ ಇದ್ದದ್ದು ಬಡ ದೇಶಗಳಲ್ಲಿ, ಹಾಗಾಗಿ ಕಂಪನಿಗಳಿಗೆ ಅದರಲ್ಲಿ ಲಾಭ ಕಾಣಲಿಲ್ಲ. ವರ್ಷವರ್ಷವೂ ಇಷ್ಟು ಕೊಳ್ಳುತ್ತೇವೆ ಎನ್ನುವ ಗಿರಾಕಿ ಎದುರು ನಿಂತಾಗ ತಯಾರಕರು ಮುಂದೆ ಬಂದರು, ಬೆಲೆಯೂ ಇಳಿಯಿತು. ಹಣಕ್ಕಿಂತ ಹೆಚ್ಚಾಗಿ ಹಣದ ಖಚಿತತೆ ಮಾಡಿದ ಕೆಲಸ ಅದು.

ಆದರೆ ಹೊಸ ತೆರಿಗೆ ಹುಟ್ಟಿದ ಕೂಡಲೇ ಅದರ ಮೇಲೆ ಕಣ್ಣಿಡುವವರಲ್ಲಿ ಮೊದಲಿಗರು ಆಯಾ ದೇಶದ ಹಣಕಾಸು ಸಚಿವರು. 2025ರಲ್ಲಿ ಫ್ರಾನ್ಸ್ ಇದೇ ಟಿಕೆಟ್ ತೆರಿಗೆಯನ್ನು ಗಣನೀಯವಾಗಿ ಏರಿಸಿದ್ದು ಮುಖ್ಯವಾಗಿ ತನ್ನದೇ ಬಜೆಟ್ ಕೊರತೆ ತುಂಬಿಕೊಳ್ಳಲು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ತಾನಾಗಿ ಬರುವ ಹಣ ಸ್ಥಿರವಾಗಿರುತ್ತದೆ ಎನ್ನುವುದೂ ಒಂದು ಭ್ರಮೆ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ಬಡ ದೇಶಗಳಿಗೆ ನೆರವಾಗುವ ‘ಅಡಾಪ್ಟೇಶನ್ ಫಂಡ್’ ಎಂಬ ನಿಧಿಯ ಕಥೆ ನೋಡಿ. ಕ್ಯೋಟೋ ಹವಾಮಾನ ಒಪ್ಪಂದದಡಿ, ಇಂಗಾಲದ ಹೊಗೆ ತಗ್ಗಿಸಿದ ಯೋಜನೆಗಳಿಗೆ ನೀಡಲಾಗುತ್ತಿದ್ದ, ಮಾರಬಹುದಾದ ಇಂಗಾಲದ ಕ್ರೆಡಿಟ್‌ಗಳಲ್ಲಿ ಶೇ 2ರಷ್ಟು ನೇರವಾಗಿ ಅದಕ್ಕೆ ಸಲ್ಲಬೇಕು ಎಂದು ನಿಯಮವಿತ್ತು. ಯಾವ ಸಂಸತ್ತಿನ ಒಪ್ಪಿಗೆಯೂ ಬೇಡ, ಯಾರ ಮುಂದೆಯೂ ಕೈಚಾಚಬೇಕಿಲ್ಲ. ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡು ನಾನು ಕಂಡಿಲ್ಲ. 2012ರ ಹೊತ್ತಿಗೆ ಆ ಕ್ರೆಡಿಟ್‌ಗಳ ಬೆಲೆ ನೆಲಕಚ್ಚಿತು, ನಿಧಿ ಮತ್ತೆ ದಾನಿ ದೇಶಗಳ ಬಾಗಿಲಿಗೇ ಬಂದು ನಿಂತಿತು.

ಈ ರಾಶಿಯ ಉಳಿದವು ಹೆಚ್ಚಾಗಿ ಮಾತಿನ ಹಂತದಲ್ಲಿವೆ. ಕರೆನ್ಸಿ ವಹಿವಾಟಿನ ಮೇಲೆ ಸಣ್ಣ ತೆರಿಗೆ ಹಾಕಬೇಕೆಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ 1972ರಲ್ಲೇ ಸೂಚಿಸಿದ್ದರು. ಅವರ ಉದ್ದೇಶ ಜೂಜಿನಂಥ ವಹಿವಾಟಿನ ವೇಗ ತಗ್ಗಿಸುವುದಾಗಿತ್ತು. ಆ ತೆರಿಗೆಯಿಂದ ಬಡ ದೇಶಗಳಿಗೆ ಹಣ ಎತ್ತಬಹುದೆಂಬ ಆಸೆಯನ್ನು ಅದಕ್ಕೆ ಅಂಟಿಸಿದವರು ನಂತರದವರು. 2013ರಲ್ಲಿ ಯುರೋಪಿನ 11 ದೇಶಗಳು ಹಣಕಾಸು ವಹಿವಾಟು ತೆರಿಗೆಗೆ ಹೊರಟು ದಡ ಸೇರಲಿಲ್ಲ. ಅತಿ ಶ್ರೀಮಂತರ ಆಸ್ತಿಯ ಮೇಲೆ ಶೇ 2ರ ಕನಿಷ್ಠ ತೆರಿಗೆ ಹಾಕಿದರೆ ವರ್ಷಕ್ಕೆ 20,000ದಿಂದ 25,000 ಕೋಟಿ ಡಾಲರ್ ಬರುತ್ತದೆ ಎಂದು 2024ರಲ್ಲಿ ಜಿ20ರ ಕೋರಿಕೆಯ ಮೇರೆಗೆ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್ಮನ್ ಲೆಕ್ಕ ಕೊಟ್ಟರು. ಹಡಗುಗಳ ಇಂಗಾಲಕ್ಕೆ ಬೆಲೆ ಕಟ್ಟುವ ತೀರ್ಮಾನವನ್ನು 2025ರ ಅಕ್ಟೋಬರ್‌ನಲ್ಲಿ ಒಂದು ವರ್ಷ ಮುಂದೂಡಲಾಯಿತು. ಮೇಲ್ದರ್ಜೆಯ ವಿಮಾನ ಪ್ರಯಾಣಿಕರಿಗೆ ತೆರಿಗೆ ಹಾಕಲು ಫ್ರಾನ್ಸ್, ಸ್ಪೇನ್, ಕೀನ್ಯಾ, ಬಾರ್ಬಡೋಸ್ ಮೊದಲಾದವು ಅಭಿವೃದ್ಧಿ ಹಣಕಾಸು ಕುರಿತ ವಿಶ್ವಸಂಸ್ಥೆಯ 2025ರ ಸೆವಿಲ್ ಸಮ್ಮೇಳನದಲ್ಲಿ ಕೈಜೋಡಿಸಿವೆ. ನನಗೆ ಆಸೆ ಇರುವುದು ಈ ಕೊನೆಯದರಲ್ಲಿ, ಏಕೆಂದರೆ ಇಡೀ ಜಗತ್ತು ಒಪ್ಪುವ ತನಕ ಇದಕ್ಕೆ ಕಾಯಬೇಕಿಲ್ಲ. ಆದರೂ ಇದನ್ನು ನಂಬಿ ಮುಂದಿನ ವರ್ಷದ ಸಂಬಳದ ಪಟ್ಟಿ ಬರೆಯಬೇಡಿ.

ಎರಡನೆಯ ರಾಶಿಯಲ್ಲಿರುವುದು ನಾಳೆಯ ಹಣ. ಲಸಿಕೆ ಬಾಂಡ್ ಎಂದು ನೀವು ಕೇಳಿರುವುದು ಐಎಫ್‌ಎಫ್‌ಐಎಂ ಎಂಬ ಸಂಸ್ಥೆಯದು. ಬ್ರಿಟನ್, ಫ್ರಾನ್ಸ್, ಇಟಲಿ, ನಾರ್ವೆಯಂಥ ದೇಶಗಳು ಮುಂದಿನ ಇಷ್ಟು ವರ್ಷ ಇಷ್ಟಿಷ್ಟು ಕೊಡುತ್ತೇವೆ ಎಂದು ಕಾನೂನುಬದ್ಧವಾಗಿ ಬರೆದುಕೊಡುತ್ತವೆ. ಆ ವಾಗ್ದಾನವನ್ನು ಆಧಾರವಾಗಿಟ್ಟು ಮಾರುಕಟ್ಟೆಯಲ್ಲಿ ಬಾಂಡ್, ಅಂದರೆ ಸಾಲಪತ್ರ ಮಾರಿ, ಬಂದ ಹಣವನ್ನು ಇಂದೇ ‘ಗಾವಿ’ ಲಸಿಕಾ ಒಕ್ಕೂಟಕ್ಕೆ ಕೊಡಲಾಗುತ್ತದೆ. ದಾನಿಗಳ ಕಂತು ಬಂದಂತೆ ಬಾಂಡ್ ತೀರುತ್ತದೆ. 2006ರ ನವೆಂಬರ್‌ನಲ್ಲಿ ಹೊರಟ ಮೊದಲ ಬಾಂಡ್ 100 ಕೋಟಿ ಡಾಲರಿನದು. ಮುಂದಿನ ಸಂಬಳದ ಮೇಲೆ ಇಂದು ಸಾಲ ಪಡೆದು ಮನೆ ಕಟ್ಟುವವರ ಲೆಕ್ಕಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಲಸಿಕೆಗೆ ಈ ಲೆಕ್ಕ ಒಪ್ಪುತ್ತದೆ. ಹತ್ತು ವರ್ಷ ಹಂಚಿ ಹಾಕುವ ಲಸಿಕೆಗಿಂತ ಎರಡೇ ವರ್ಷದಲ್ಲಿ ಎಲ್ಲ ಮಕ್ಕಳಿಗೂ ಹಾಕಿದ ಲಸಿಕೆ ರೋಗ ಹರಡುವ ದಾರಿಯನ್ನೇ ಕಡಿಯುತ್ತದೆ. ಅದರ ಲಾಭದ ಮುಂದೆ ಬಾಂಡಿನ ಬಡ್ಡಿ ಚಿಕ್ಕದು. ಆದರೆ ದಾದಿಯ ಸಂಬಳಕ್ಕೆ ಇದು ಒಪ್ಪುವುದಿಲ್ಲ. ಸಂಬಳ ಪ್ರತಿ ತಿಂಗಳ ಖರ್ಚು, ಅದನ್ನು ಮೊದಲೇ ಕೊಟ್ಟು ಮುಗಿಸಲು ಬರುವುದಿಲ್ಲ. ಇನ್ನೊಂದು ಮಾತು. ಇಂದು ಎತ್ತಿದ್ದು ದಾನಿ ದೇಶದ ಮುಂದಿನ ವರ್ಷಗಳ ನೆರವಿನ ಬಜೆಟ್ಟಿನಿಂದಲೇ ಕಳೆಯುತ್ತದೆ. ಇಲ್ಲಿ ಹೊಸತಾಗಿ ಹುಟ್ಟಿದ್ದು ಏನೂ ಇಲ್ಲ, ಕಾಲವನ್ನು ಸರಿಸಲಾಗಿದೆ ಅಷ್ಟೆ.

ಇದರ ದೂರದ ನೆಂಟನೊಬ್ಬನ ಕಥೆಯನ್ನು ನಿಮ್ಮ ಮಂಡಳಿಗೆ ತಪ್ಪದೆ ಹೇಳಿ. 2017ರಲ್ಲಿ ವಿಶ್ವಬ್ಯಾಂಕ್ ‘ಸಾಂಕ್ರಾಮಿಕ ಬಾಂಡ್’ ಹೊರಡಿಸಿತು. ಹೂಡಿಕೆದಾರರಿಗೆ ಒಳ್ಳೆಯ ಬಡ್ಡಿ. ಮಹಾಮಾರಿ ಬಂದರೆ ಅವರ ಅಸಲು ಬಡ ದೇಶಗಳಿಗೆ. ಆದರೆ ಮಹಾಮಾರಿ ‘ಬಂದಿದೆ’ ಎಂದು ಘೋಷಿಸಲು ಷರತ್ತುಗಳ ದೊಡ್ಡ ದಸ್ತಾವೇಜೇ ಇತ್ತು. ಎಬೋಲಾ ಆದರೆ ಒಂದು ದೇಶದಲ್ಲಿ 250 ಸಾವು, ಮೇಲೆ ಇನ್ನೊಂದು ದೇಶದಲ್ಲಿ 20 ಸಾವು ಆಗಿರಬೇಕು. 2018ರಲ್ಲಿ ಕಾಂಗೋದಲ್ಲಿ ಶುರುವಾದ ಎಬೋಲಾ 2,200ಕ್ಕೂ ಹೆಚ್ಚು ಜನರನ್ನು ಕೊಂದಿತು. ಗಡಿಯಾಚೆ ಅಷ್ಟು ಸಾವಾಗಲಿಲ್ಲವಾದ್ದರಿಂದ ಬಾಂಡ್ ಕಾಸೂ ಬಿಚ್ಚಲಿಲ್ಲ. ಕೋವಿಡ್‌ಗೆ ಬಿಚ್ಚಿತು, 64 ದೇಶಗಳಿಗೆ ಸೇರಿ ಸುಮಾರು 19.6 ಕೋಟಿ ಡಾಲರ್. ಆದರೆ ಅದು 2020ರ ಏಪ್ರಿಲ್‌ನಲ್ಲಿ, ವೈರಾಣು ಜಗತ್ತೆಲ್ಲ ಸುತ್ತಿಬಂದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಷರತ್ತುಗಳನ್ನು ಬರೆದವರು ಬುದ್ಧಿವಂತರೇ. ಹೂಡಿಕೆದಾರರಿಗೆ ರುಚಿಸುವಂತೆ ಬರೆದರು ಎನ್ನುವುದೊಂದೇ ತೊಡಕು.

ಮೂರನೆಯ ರಾಶಿ ಸಾಲ. ಹೊಸ ಬ್ಯಾಂಕುಗಳ ಪ್ರಶ್ನೆ ಇಲ್ಲಿ ಬರುತ್ತದೆ. ಬ್ರಿಕ್ಸ್ ದೇಶಗಳು 2014ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ಸಹಿ ಹಾಕಿ ಕಟ್ಟಿದ ನ್ಯೂ ಡೆವಲಪ್‌ಮೆಂಟ್ ಬ್ಯಾಂಕಿನ ಕಚೇರಿ ಶಾಂಘೈನಲ್ಲಿದೆ. ಅದರ ಮೊದಲ ಅಧ್ಯಕ್ಷರು ಕೆ.ವಿ. ಕಾಮತ್. ಐದು ಸ್ಥಾಪಕ ದೇಶಗಳಿಗೂ ಸಮಾನ ಪಾಲು, ಯಾರಿಗೂ ವೀಟೊ ಇಲ್ಲ. ಅಮೆರಿಕದ ಮಾತೇ ಮುಖ್ಯವಾಗಿರುವ ವಿಶ್ವಬ್ಯಾಂಕಿಗೆ ಹೋಲಿಸಿದರೆ ಇದು ಸಣ್ಣ ಸಂಗತಿಯಲ್ಲ. 2016ರಲ್ಲಿ ಬೀಜಿಂಗ್‌ನಲ್ಲಿ ಶುರುವಾದ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನ ಬಂಡವಾಳ 10,000 ಕೋಟಿ ಡಾಲರ್. ಅದರಲ್ಲಿ ಚೀನಾ ಮೊದಲನೆಯ, ಭಾರತ ಎರಡನೆಯ ದೊಡ್ಡ ಪಾಲುದಾರ.

ಇವು ಷರತ್ತಿಲ್ಲದೆ ಕೊಡುತ್ತವೆಯೇ? ಸಬ್ಸಿಡಿ ಕಡಿತ ಮಾಡಿ, ಸರ್ಕಾರಿ ಉದ್ದಿಮೆ ಮಾರಿ ಎಂಬಂಥ ನೀತಿ ಷರತ್ತುಗಳನ್ನು ಇವು ಸಾಮಾನ್ಯವಾಗಿ ಹಾಕುವುದಿಲ್ಲ ಎನ್ನುವುದು ನಿಜ. ಆದರೆ ಇವೂ ಬಾಂಡ್ ಮಾರಿ ಹಣ ತರುವ ಬ್ಯಾಂಕುಗಳೇ. ಸಾಲ ತೀರಿಸುವ ಸಾಮರ್ಥ್ಯಕ್ಕೆ ಮಾರುಕಟ್ಟೆ ಕೊಡುವ ದರ್ಜೆ ಕೆಟ್ಟರೆ ಅವುಗಳ ಕಥೆ ಮುಗಿಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ಬ್ರಿಕ್ಸ್ ಬ್ಯಾಂಕ್ ತನ್ನ ಸ್ಥಾಪಕ ಸದಸ್ಯನಾದ ರಷ್ಯಾದಲ್ಲೇ ಹೊಸ ವ್ಯವಹಾರ ನಿಲ್ಲಿಸಿತು. ಪಶ್ಚಿಮಕ್ಕೆ ಪರ್ಯಾಯವೆಂದು ಹುಟ್ಟಿದ ಬ್ಯಾಂಕಿಗೂ ಪಶ್ಚಿಮದ ಬಂಡವಾಳ ಮಾರುಕಟ್ಟೆಯ ಭಯವಿದೆ. ಇನ್ನು ನಿಮ್ಮ ಸಂಸ್ಥೆಗಂತೂ ಈ ಚರ್ಚೆಯೇ ಅಪ್ರಸ್ತುತ. ಇವು ಸಾಲ ಕೊಡುವುದು ಮುಖ್ಯವಾಗಿ ಸರ್ಕಾರಗಳಿಗೆ ಮತ್ತು ದೊಡ್ಡ ಯೋಜನೆಗಳಿಗೆ, ರಸ್ತೆ, ರೈಲು, ವಿದ್ಯುತ್, ನೀರಿಗೆ.

ಹಳೆಯ ಸಂಸ್ಥೆಗಳೂ ಸುಮ್ಮನಿಲ್ಲ. ವಿಶ್ವಬ್ಯಾಂಕ್ ತಾನು ಕೊಡುವ ಸಾಲಕ್ಕೆ ಎದುರಾಗಿ ಇಟ್ಟುಕೊಳ್ಳಬೇಕಾದ ಬಂಡವಾಳದ ಪ್ರಮಾಣವನ್ನು ಶೇ 20ರಿಂದ 18ಕ್ಕೆ ಇಳಿಸಿಕೊಂಡು ಹೆಚ್ಚು ಸಾಲ ಕೊಡುತ್ತಿದೆ. ಐಎಂಎಫ್ 2021ರ ಆಗಸ್ಟ್‌ನಲ್ಲಿ 65,000 ಕೋಟಿ ಡಾಲರ್ ಮೌಲ್ಯದ ಎಸ್‌ಡಿಆರ್ ಎಂಬ ಮೀಸಲು ಆಸ್ತಿಯನ್ನು ಸೃಷ್ಟಿಸಿ ಹಂಚಿತು. ಹಂಚಿಕೆ ಕೋಟಾದ ಪ್ರಕಾರ, ಅಂದರೆ ದೊಡ್ಡ ಆರ್ಥಿಕತೆಗೆ ದೊಡ್ಡ ಪಾಲು, ಆದ್ದರಿಂದ ಇಡೀ ಆಫ್ರಿಕಾಕ್ಕೆ ಸಿಕ್ಕಿದ್ದು 3,300 ಕೋಟಿ. ಉಂಡವರ ಎಲೆಗೇ ಮತ್ತೆ ಬಡಿಸಿದ ಹಾಗೆ.

ಈಗ ಹೊರಗೆ ರಾಶಿ ಬಿದ್ದಿದೆ ಎಂದು ನಿಮ್ಮ ಸದಸ್ಯರು ಹೇಳಿದ ಖಾಸಗಿ ಹಣ. ಸಾರ್ವಜನಿಕ ಹಣದ ನೂರಾರು ಕೋಟಿಗಳನ್ನು ಮುಂದಿಟ್ಟರೆ ಖಾಸಗಿಯವರ ಲಕ್ಷ ಕೋಟಿಗಳು ಹಿಂದೆಯೇ ಬರುತ್ತವೆ ಎಂಬುದು 2015ರ ಘೋಷಣೆ. ಬ್ರಿಟನ್ನಿನ ಒಡಿಐ ಎಂಬ ಸಂಶೋಧನಾ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿದಾಗ ಅಭಿವೃದ್ಧಿ ಬ್ಯಾಂಕುಗಳು ಹೂಡಿದ ಪ್ರತಿ ಡಾಲರಿಗೆ ಬಂದ ಖಾಸಗಿ ಹಣ ಸರಾಸರಿ 75 ಸೆಂಟ್, ಅತಿ ಬಡ ದೇಶಗಳಲ್ಲಿ 37 ಸೆಂಟ್. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೂಡಿಕೆದಾರನಿಗೆ ಆದಾಯ ಬೇಕು. ಸೌರ ವಿದ್ಯುತ್ ಘಟಕಕ್ಕೆ ಬಿಲ್ ಇದೆ, ಹೆದ್ದಾರಿಗೆ ಟೋಲ್ ಇದೆ, ಹೆರಿಗೆ ಕೋಣೆಯ ಬಾಗಿಲಲ್ಲಿ ಟೋಲ್ ಕಟ್ಟಿಸಿಕೊಳ್ಳಲು ಆಗುವುದಿಲ್ಲ. ಕಟ್ಟಿಸಿಕೊಂಡರೆ ಬಡವರು ಬರುವುದಿಲ್ಲ. ಅಭಿವೃದ್ಧಿ ಗುರಿಗಳಿಗೆ ವರ್ಷಕ್ಕೆ 4 ಲಕ್ಷ ಕೋಟಿ ಡಾಲರ್ ಕೊರತೆ ಇದೆ ಎಂದು ಸಮ್ಮೇಳನಗಳಲ್ಲಿ ಹೇಳುವ ಅಂಕಿಯೊಳಗೆ ಇವೆಲ್ಲ ಒಟ್ಟಿಗೇ ಸೇರಿಕೊಂಡಿರುವುದರಿಂದ ಈ ಗೊಂದಲ.

ವಲಸಿಗರು ಊರಿಗೆ ಕಳಿಸುವ ಹಣವನ್ನೂ ಕೆಲವರು ‘ಅಭಿವೃದ್ಧಿ ಹಣಕಾಸು’ ಎಂದು ಎಣಿಸುತ್ತಾರೆ. 2024ರಲ್ಲಿ ಅದು ಸುಮಾರು 68,500 ಕೋಟಿ ಡಾಲರ್, ನೆರವಿನ ಮೂರು ಪಟ್ಟು. ಅದು ಕುಟುಂಬಗಳ ದುಡಿಮೆಯ ಹಣ, ಅದರ ಮೇಲೆ ನಿಮಗಾಗಲಿ ನನಗಾಗಲಿ ಹಕ್ಕಿಲ್ಲ. ಅದನ್ನು ಕಳಿಸುವ ಶುಲ್ಕ ಶೇ 6ಕ್ಕಿಂತ ಹೆಚ್ಚಿರುವುದನ್ನು ವಿಶ್ವಸಂಸ್ಥೆಯ ಗುರಿಯಾದ 3ಕ್ಕೆ ಇಳಿಸಿದರೆ ಅದೇ ದೊಡ್ಡ ಉಪಕಾರ.

ಈಗ ನಿಮ್ಮ ಮುಂದಿರುವ ದಾರಿಗಳು.

ಫಲಿತಾಂಶ ಬಾಂಡಿನಲ್ಲಿ ಹೂಡಿಕೆದಾರ ಮೊದಲು ಹಣ ಹಾಕುತ್ತಾನೆ, ನೀವು ಕೆಲಸ ಮಾಡುತ್ತೀರಿ, ಗುರಿ ಮುಟ್ಟಿದಿರೆಂದು ಮೂರನೆಯವರು ದೃಢಪಡಿಸಿದರೆ ‘ಫಲಿತಾಂಶ ಪಾವತಿದಾರ’ ಹೂಡಿಕೆದಾರನಿಗೆ ಅಸಲು ಮತ್ತು ಲಾಭ ಕೊಡುತ್ತಾನೆ. ರಾಜಸ್ಥಾನದಲ್ಲಿ 2015ರಿಂದ 2018ರವರೆಗೆ ಎಜುಕೇಟ್ ಗರ್ಲ್ಸ್ ಸಂಸ್ಥೆ ಹೀಗೆ ಕೆಲಸ ಮಾಡಿ ಕಲಿಕೆಯ ಗುರಿಯ ಶೇ 160ರಷ್ಟನ್ನು ಸಾಧಿಸಿತು. ಸುಮಾರು 2.7 ಲಕ್ಷ ಡಾಲರ್ ಹಾಕಿದ ಯುಬಿಎಸ್ ಆಪ್ಟಿಮಸ್ ಪ್ರತಿಷ್ಠಾನಕ್ಕೆ ಶೇ 15ರ ಆದಾಯ ಬಂತು. ನಿಜವಾಗಿಯೂ ಮೆಚ್ಚಬೇಕಾದ ಕೆಲಸ. ಆದರೆ ಕೊನೆಗೆ ಹಣ ತೆತ್ತವರು ಯಾರು? ಮಕ್ಕಳಿಗಾಗಿ ಕೆಲಸ ಮಾಡುವ ಇನ್ನೊಂದು ದಾನಿ ಪ್ರತಿಷ್ಠಾನ. ಅಂದರೆ ದಾನಿ ಇಲ್ಲದೆ ಈ ಬಾಂಡ್ ಇಲ್ಲ. ಇದ್ದ ದಾನಿಯ ಅಪಾಯವನ್ನು ಇದು ಬೇರೆಯವರ ಹೆಗಲಿಗೆ ವರ್ಗಾಯಿಸುತ್ತದೆ. ದಾನಿಯನ್ನು ಕಳೆದುಕೊಂಡಿರುವ ನಿಮಗೆ ಇದು ಉತ್ತರವಾಗುವುದಿಲ್ಲ.

ಇಂಥ ಒಂದು ಒಪ್ಪಂದದ ಮಾತುಕತೆಯಲ್ಲಿ ನಾನೂ ಕೂತಿದ್ದೆ. ಮೂರು ಕಡೆಯ ವಕೀಲರು ‘ಹೆರಿಗೆ’ ಎಂಬ ಪದದ ವ್ಯಾಖ್ಯೆಗೇ ವಾರಗಟ್ಟಲೆ ಕೂತರು, ದಾರಿಯಲ್ಲಿ ಆಂಬುಲೆನ್ಸ್‌ನಲ್ಲಿ ಆದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು. ಕೆಲಸ ಶುರುವಾದ ಮೇಲೆ ಸಿಬ್ಬಂದಿ ಲೆಕ್ಕಕ್ಕೆ ಬರುವ ತಾಯಂದಿರತ್ತ ವಾಲಿದರು. ದೂರದ ಹಾಡಿಯಿಂದ ತಡವಾಗಿ ಬಂದವಳು ಯಾರ ಗುರಿಯಲ್ಲೂ ಇರಲಿಲ್ಲ. ಯಾರೂ ಕೆಟ್ಟವರಲ್ಲ, ಒಪ್ಪಂದ ಹೇಳಿದ್ದನ್ನೇ ಅವರು ಮಾಡಿದರು. ನಿಮ್ಮಲ್ಲಿ ಹಲವು ವರ್ಷಗಳ ಗಟ್ಟಿ ದತ್ತಾಂಶವಿದ್ದು, ಹಣ ತೆರುವವರು ಮೊದಲೇ ಸಹಿ ಹಾಕಿ, ವಕೀಲರ ಮತ್ತು ಮೌಲ್ಯಮಾಪಕರ ಖರ್ಚನ್ನು ಬೇರೆಯವರು ಹೊತ್ತರೆ ಮಾತ್ರ ಕೈಹಾಕಿ.

ಸಾಲ ಬೇಡವೇ ಬೇಡ, ಅದರಲ್ಲೂ ಡಾಲರ್ ಸಾಲ. ‘ರಿಯಾಯಿತಿ’ ಬಡ್ಡಿಯ ಮಾತಿಗೆ ಮರುಳಾಗಬೇಡಿ, ಅಪಾಯ ಇರುವುದು ವಿನಿಮಯ ದರದಲ್ಲಿ. 2023ರ ಮಧ್ಯದಲ್ಲಿ ಒಂದು ಡಾಲರಿಗೆ ಸುಮಾರು 460 ಇದ್ದ ನೈಜೀರಿಯಾದ ನೈರಾ ಮರುವರ್ಷದ ಆರಂಭಕ್ಕೆ 1,500ರ ಸುತ್ತಮುತ್ತ ಇಳಿಯಿತು. ಡಾಲರಿನಲ್ಲಿ ಸಾಲ ಮಾಡಿ ನೈರಾದಲ್ಲಿ ಗಳಿಸುತ್ತಿದ್ದವರಿಗೆ ಬಡ್ಡಿ ಶೇ 1 ಇದ್ದರೂ ಅಸಲೇ ಮೂರು ಪಟ್ಟಾಯಿತು.

ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧ ಹಣ ಕೊಡುವ ಗ್ಲೋಬಲ್ ಫಂಡ್, ಗಾವಿಯಂಥ ನಿಧಿಗಳ ಕೆಳಗೆ ಅನುಷ್ಠಾನ ಸಂಸ್ಥೆಯಾಗುವ ದಾರಿ ಇನ್ನೂ ತೆರೆದಿದೆ. ದೇಶಮಟ್ಟದ ಸಮನ್ವಯ ಸಮಿತಿಯಲ್ಲಿ ನಿಮ್ಮ ದನಿ ಕೇಳಿಸಬೇಕು, ಲೆಕ್ಕಪತ್ರ ಅಚ್ಚುಕಟ್ಟಾಗಿರಬೇಕು. ಆದರೆ ಅಲ್ಲಿಯೂ ತಟ್ಟೆ ಚಿಕ್ಕದಾಗಿದೆ: ಗ್ಲೋಬಲ್ ಫಂಡ್ 1,800 ಕೋಟಿ ಡಾಲರ್ ಕೇಳಿದ್ದಕ್ಕೆ 2025ರ ನವೆಂಬರ್‌ನಲ್ಲಿ ಸಿಕ್ಕ ವಾಗ್ದಾನ 1,134 ಕೋಟಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೆಚ್ಚು ಹೊತ್ತು ಕಳೆಯುವುದು ಯಾವ ಸಮ್ಮೇಳನದಲ್ಲೂ ಚಪ್ಪಾಳೆ ಸಿಗದ ಒಂದು ಕೆಲಸಕ್ಕೆ. ನೀವು ಇರುವ ದೇಶದ ಆರೋಗ್ಯ ಬಜೆಟ್ಟಿನೊಳಗೆ ನಿಮ್ಮ ದಾದಿಯರಿಗೆ ಹುದ್ದೆ ಸೃಷ್ಟಿಸುವ ಕೆಲಸ ಅದು. ಆಗದ ಮಾತಲ್ಲ. ಅಮೆರಿಕದ ನೆರವು ನಿಂತ ಕೆಲವೇ ವಾರಗಳಲ್ಲಿ ನೈಜೀರಿಯಾದ ಸಂಸತ್ತು ಆರೋಗ್ಯಕ್ಕೆ 20 ಕೋಟಿ ಡಾಲರ್ ಹೆಚ್ಚುವರಿಯಾಗಿ ಒಪ್ಪಿತು. ಘಾನಾ ತನ್ನ ಆರೋಗ್ಯ ವಿಮೆಗೆಂದೇ ವಸೂಲು ಮಾಡುವ ತೆರಿಗೆಯ ಮೇಲಿದ್ದ ಮಿತಿಯನ್ನು ತೆಗೆದು, ಬಂದದ್ದೆಲ್ಲ ಆ ವಿಮೆಗೇ ಹೋಗುವಂತೆ ಮಾಡಿತು. ಅಪಾಯವೂ ಇದೆ. ಆರೋಗ್ಯಕ್ಕಿಂತ ಅಥವಾ ಶಿಕ್ಷಣಕ್ಕಿಂತ ಸಾಲದ ಬಡ್ಡಿಗೇ ಹೆಚ್ಚು ತೆರುವ ದೇಶಗಳಲ್ಲಿ ಇಂದು 340 ಕೋಟಿ ಜನ ಬದುಕುತ್ತಿದ್ದಾರೆ. ನಿಮ್ಮ ದೇಶ ಆ ಪಟ್ಟಿಯಲ್ಲಿದ್ದರೆ ಆರೋಗ್ಯ ಸಚಿವರ ಒಲವಿನಿಂದ ಏನೂ ಆಗದು, ಹಣಕಾಸು ಸಚಿವಾಲಯದ ಬಾಗಿಲು ತಟ್ಟಬೇಕು. ಅಲ್ಲಿ ಕರುಣೆಯ ಕಥೆಗಳಿಗಿಂತ ಒಬ್ಬ ದಾದಿಗೆ ವರ್ಷಕ್ಕೆ ಎಷ್ಟು ಖರ್ಚು, ಅವಳಿಂದ ಜಿಲ್ಲಾಸ್ಪತ್ರೆಗೆ ಎಷ್ಟು ಉಳಿತಾಯ ಎಂಬ ಒಂದು ಪುಟದ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ. ಆ ಪುಟವನ್ನು ಬಜೆಟ್ ಸಿದ್ಧತೆ ಶುರುವಾಗುವ ಮೊದಲೇ ತಲುಪಿಸಿ. ಅದು ಎರಡು ವರ್ಷ ಹಿಡಿಯಬಹುದು. ಆ ಎರಡು ವರ್ಷ ದಾಟಲು ಎಷ್ಟು ಬೇಕೋ ಅಷ್ಟನ್ನೇ ಈಗಿರುವ ಪ್ರತಿಷ್ಠಾನಗಳ ಬಳಿ ಕೇಳಿ. ‘ಇನ್ನೂ ಐದು ವರ್ಷ ಕೊಡಿ’ ಎನ್ನುವುದಕ್ಕಿಂತ ‘ಸರ್ಕಾರ ವಹಿಸಿಕೊಳ್ಳುವ ತನಕ ಕೊಡಿ’ ಎನ್ನುವ ಅರ್ಜಿಗೆ ಅವರು ಬೇಗ ಒಪ್ಪುವುದನ್ನು ನಾನು ನೋಡಿದ್ದೇನೆ.

ಮುಂದಿನ ಸಭೆಗೆ ಯಾರಾದರೂ ಸಲಹೆಗಾರರು ಹೊಸ ಹಣಕಾಸಿನ ಚಿತ್ರಪಟ ಹಿಡಿದು ಬಂದರೆ, ಯೋಜನೆ ಬಿದ್ದುಹೋದರೂ ಅವರ ಶುಲ್ಕ ಕೊಡಬೇಕಾಗುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಳ್ಳಿ.